ಖಾರದ ಗಿರಣಿಯ ಗೋಡೆಗೆ ಹಾಕಿದ್ದ ಕಟಿಂಗ್

ಸಂಪಾದಕರಿಗೆ ನಮಸ್ಕಾರ,

ನಾನು ಕಲಬುರಗಿಯ ಶಹಾಬಜಾರ್ ಕಡೆ ಖಾರ ಕುಟ್ಟುವ ಗಿರಣಿ ನಡೆಸುತ್ತೇನೆ. ಅತ್ತೆಯ ಕೈಯಿಂದ ನನ್ನ ಕೈಗೆ ಬಂದು ಇಪ್ಪತ್ತಾರು ವರ್ಷ ಆಯಿತು. ನಿಮ್ಮ ಪತ್ರಿಕೆ ಬೆಳಿಗ್ಗೆ ಗಿರಣಿಗೇ ಬರುತ್ತದೆ. ನಾನು ಕೈಗೆತ್ತಿಕೊಳ್ಳುವಾಗ ಮಧ್ಯಾಹ್ನ ಆಗಿರುತ್ತದೆ, ಅಷ್ಟರಲ್ಲಿ ಅದರ ಮೇಲೆ ಕೆಂಪು ಧೂಳು ಕೂತಿರುತ್ತದೆ. ಎರಡು ಸಲ ಕೊಡವಿ, ಎರಡು ಸಲ ಸೀನಿ, ಆಮೇಲೆ ಓದುವುದು. ರಾಜಕೀಯದ ಪುಟ ಹಾಗೇ ದಾಟಿಸುತ್ತೇನೆ. ಆರೋಗ್ಯದ ಪುಟ ಮಾತ್ರ ಬಿಡುವುದಿಲ್ಲ. ಈ ಪತ್ರ ಅದರ ಬಗ್ಗೆಯೇ.

ಹೋದ ವರ್ಷ ಬೇಸಿಗೆಯಲ್ಲಿ, ನಮ್ಮ ಸೀಸನ್ ಜೋರಾಗಿದ್ದಾಗ, ಆ ಪುಟದಲ್ಲಿ ಒಂದು ಪುಟ್ಟ ಸುದ್ದಿ ಬಂದಿತ್ತು. ಖಾರ ತಿಂದರೆ ರಕ್ತನಾಳಕ್ಕೆ ಒಳ್ಳೆಯದು ಅನ್ನುವ ತಲೆಬರಹ. ಮೆಣಸಿನಕಾಯಿಯಲ್ಲಿ ಕ್ಯಾಪ್ಸೈಸಿನ್ ಎಂಬ ಅಂಶ ಇದೆ, ಅದು ರಕ್ತನಾಳದ ಉರಿಯೂತ ಇಳಿಸುತ್ತದೆ, ಹೃದಯಾಘಾತ ತಡೆಯುತ್ತದೆ ಅಂತ ಒಂಬತ್ತು ಸಾಲು. ಪಕ್ಕದಲ್ಲಿ ಆ ಒಂಬತ್ತು ಸಾಲಿಗಿಂತ ದೊಡ್ಡ ಮೆಣಸಿನಕಾಯಿ ಚಿತ್ರ.

ಓದಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹಾಲಿನವರಿಗೆ, ಸೊಪ್ಪಿನವರಿಗೆ ಜನ ಒಳ್ಳೆಯ ಮಾತಾಡುತ್ತಾರೆ. ಖಾರದವರಿಗೆ ಬರುವುದು ಬರೀ ಬೈಗುಳ. ಹೊಟ್ಟೆ ಉರಿಗೂ ನಾವೇ, ಮೂಲವ್ಯಾಧಿಗೂ ನಾವೇ. ಒಂದು ದಿನವಾದರೂ ಪೇಪರಿನವರು ನಮ್ಮ ಪರ ಬರೆದರಲ್ಲ ಅಂತ ಕತ್ತರಿ ತೆಗೆದುಕೊಂಡು ಆ ತುಂಡು ಕತ್ತರಿಸಿದೆ. ಸೂಪರ್ ಮಾರ್ಕೆಟ್‌ಗೆ ಹೋದಾಗ ಲ್ಯಾಮಿನೇಶನ್ ಮಾಡಿಸಿದೆ. ತಕ್ಕಡಿ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ವ್ಯಾಪಾರವೂ ಆಯಿತು. ಎರಡು ಕೆಜಿ ತಂದಿದ್ದ ಒಬ್ಬಾಕೆ ಅದನ್ನು ಓದಿ, ಇನ್ನರ್ಧ ಕೆಜಿ ಮನೆಯಿಂದ ತರಿಸಿ ಕುಟ್ಟಿಸಿಕೊಂಡು ಹೋದಳು.

ಈಗ ನಮ್ಮ ಮೈದುನನ ವಿಷಯ. ನನ್ನ ಯಜಮಾನರ ತಮ್ಮ. ಐವತ್ತೆಂಟು ವರ್ಷ. ನೆಹರೂ ಗಂಜ್‌ನಲ್ಲಿ ತೊಗರಿ ವ್ಯಾಪಾರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಶುಗರ್ ಇದೆ. ಬೀಡಿ ಹದಿನೆಂಟನೇ ವಯಸ್ಸಿನಿಂದ. ಎರಡು ವರ್ಷದ ಹಿಂದೆ ಅವನಿಗೆ ಒಂದು ವಿಚಿತ್ರ ತೊಂದರೆ ಶುರುವಾಯಿತು. ಇನ್ನೂರು ಹೆಜ್ಜೆ ನಡೆದರೆ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಹಿಡಿಯುವುದು. ಎರಡು ನಿಮಿಷ ನಿಂತರೆ ಬಿಡುವುದು. ಮತ್ತೆ ಇನ್ನೂರು ಹೆಜ್ಜೆ, ಮತ್ತೆ ಹಿಡಿಯುವುದು. ಮರ್ಯಾದೆ ಹೋಗಬಾರದು ಅಂತ ಅವನು ಪ್ರತಿ ಅಂಗಡಿ ಮುಂದೆ ನಿಂತು ಸುಮ್ನೆ ಸಾಮಾನು ನೋಡುವ ನಾಟಕ ಮಾಡುತ್ತಿದ್ದ. ನಾವು ವಾತ ಅಂದುಕೊಂಡು ಎಣ್ಣೆ ತಿಕ್ಕಿದೆವು.

ಡಾಕ್ಟರು ಎಣ್ಣೆ ಗಿಣ್ಣೆ ಕೇಳಲಿಲ್ಲ. ತೋಳಿಗೆ ಕಟ್ಟುವ ಬಿಪಿ ಪಟ್ಟಿಯನ್ನೇ ಕಾಲಿನ ಹರಡಿನ ಹತ್ತಿರ ಕಟ್ಟಿದರು. ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದರು. ಸರಿಯಿದ್ದವರಿಗೆ 1 ಅಥವಾ ಸ್ವಲ್ಪ ಜಾಸ್ತಿ ಬರುತ್ತದಂತೆ. 0.9ಕ್ಕಿಂತ ಇಳಿದರೆ ಕಾಲಿಗೆ ಹೋಗುವ ರಕ್ತನಾಳ ಕಿರಿದಾಗಿದೆ ಅಂತ ಅರ್ಥ. ನಮ್ಮವನದು 0.6. ಎದೆಯ ರಕ್ತನಾಳಕ್ಕೆ ಆಗುವ ಕಾಯಿಲೆಯೇ ಕಾಲಿಗೂ ಆಗುತ್ತದೆ, ಕಾಲಿನಲ್ಲಿ ಇದ್ದವರಿಗೆ ಎದೆಯಲ್ಲೂ ಇರುವ ಸಂಭವ ಜಾಸ್ತಿ ಅಂದರು. ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್, ರಕ್ತ ಹೆಪ್ಪುಗಟ್ಟದ ಹಾಗೆ ಕ್ಲೊಪಿಡೊಗ್ರೆಲ್, ಶುಗರಿನ ಗುಳಿಗೆ ಬೇರೆ. ಬೀಡಿ ಬಂದ್. ಆಮೇಲೆ ದಿನಾ ನಡೆಯಬೇಕು, ನೋವು ಬಂದರೆ ನಿಂತು, ಬಿಟ್ಟ ಮೇಲೆ ಮತ್ತೆ ನಡೆಯಬೇಕು. ನೋಯುವ ಕಾಲಲ್ಲೇ ನಡಿ ಅಂದರೆ ಯಾರು ನಂಬುತ್ತಾರೆ? ಆದರೆ ಈ ಕಾಯಿಲೆಗೆ ಅದು ನಿಜವಾಗಿಯೂ ಔಷಧವಂತೆ. ಅಪ್ಪನ ಕೆರೆ ದಂಡೆ ಮೇಲೆ ದಿನಾ ಸಂಜೆ ನಡೆಯಲು ಶುರು ಮಾಡಿದ. ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಬೀಡಿ ಮಾತ್ರ ಪೂರ್ತಿ ಬಿಡಲಿಲ್ಲ. ಮನೆಯಲ್ಲಿ ಸೇದುತ್ತಿರಲಿಲ್ಲ, ಅಷ್ಟೇ.

ಗಂಜ್‌ನಿಂದ ಬರುವಾಗ ಅವನು ನಮ್ಮ ಗಿರಣಿಯಲ್ಲಿ ಕೂತು ಚಹಾ ಕುಡಿದು ಹೋಗುವುದು ರೂಢಿ. ಧನಿಯಾ ಚೀಲದ ಮೇಲೆ ಕೂರುತ್ತಾನೆ. ಆ ಚೀಲದ ಎದುರಿಗೇ ನನ್ನ ಕಟಿಂಗ್. ಬೇಸಿಗೆ ಪೂರ್ತಿ ಅವನು ಅದನ್ನು ದಿನಾ ನೋಡಿದ್ದಾನೆ. ನನಗೆ ಅದು ಹೊಳೆಯಲೇ ಇಲ್ಲ.

ಶ್ರಾವಣದಲ್ಲಿ ಒಂದು ಸಂಜೆ ಚಪ್ಪಲಿ ಬಿಟ್ಟು ಕಾಲು ಮೇಲೆ ಮಾಡಿ ಕೂತ. ಎಡಗಾಲಿನ ಕಿರುಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಚಪ್ಪಲಿ ಪಟ್ಟಿ ತಾಗಿ ಗಾಯ ಆಗಿ ತಿಂಗಳಾಯಿತಂತೆ. ಶುಗರ್ ಕಾಲು, ನೋವೇ ಗೊತ್ತಾಗಿಲ್ಲ. ಗುಳಿಗೆ ತಗೋತಿದ್ದೀಯಾ ಅಂತ ಕೇಳಿದೆ. ತಲೆ ತಗ್ಗಿಸಿದ.

"ಬಿಟ್ಟು ನಾಕ್ ತಿಂಗಳಾಯ್ತ್ರಿ ವೈನಿ. ಅವು ನುಂಗಿದ್ರ ಎದಿ ಉರೀತದ. ಅದಕ್ಕ ಬದ್ಲಿ ಖಾರ ಜಾಸ್ತಿ ಮಾಡೀನಿ."

ಯಾರು ಹೇಳಿದರು ಅಂದೆ. ಗೋಡೆ ಕಡೆ ಕೈ ಮಾಡಿದ.

"ನೀವೇ ಹಾಕೀರಲ್ರಿ."

ಆ ಬೆರಳು ಹೋಯಿತು. ಕಾಲಿನ ರಕ್ತನಾಳಕ್ಕೆ ಬಲೂನ್ ಹಾಕಿ ಹಿಗ್ಗಿಸಿದರು, ಕಾಲು ಉಳಿಯಿತು. ಆಸ್ಪತ್ರೆಯವರ ಮೇಲೆ ನನ್ನದೇನೂ ದೂರಿಲ್ಲ. ಮೊದಲೆಲ್ಲ ಇಂಥ ಕಾಯಿಲೆ ಅಂದರೆ ಸೊಲ್ಲಾಪುರ ಇಲ್ಲ ಹೈದರಾಬಾದ್ ಅಂತ ಓಡುತ್ತಿದ್ದೆವು. 2024ರ ಡಿಸೆಂಬರ್‌ನಲ್ಲಿ ಜಯದೇವದ 371 ಹಾಸಿಗೆಯ ಹೃದ್ರೋಗ ಆಸ್ಪತ್ರೆ ಇಲ್ಲೇ ಆಗಿದೆ. ಊರಲ್ಲಿ ಡಾಕ್ಟರು ಹೆಚ್ಚಾಗಿದ್ದಾರೆ. ಔಷಧ ಬಿಡಿಸುವ ಕಾಗದಗಳೂ ಹೆಚ್ಚಾಗಿವೆ, ಅವುಗಳಲ್ಲಿ ಒಂದಕ್ಕೆ ಮೊಳೆ ಹೊಡೆದವಳು ನಾನೇ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಳೆದ ರಾತ್ರಿಗಳಲ್ಲಿ ಒಂದು ಕೆಲಸ ಮಾಡಿದೆ. ನನ್ನ ಮಗಳು ಫಾರ್ಮಸಿ ಓದಿ ಬೀದರ್‌ನಲ್ಲಿ ಕೆಲಸಕ್ಕಿದ್ದಾಳೆ. ಆ ಒಂಬತ್ತು ಸಾಲಿನ ಹಿಂದೆ ಏನಿದೆ ಹುಡುಕು ಅಂತ ಅವಳಿಗೆ ಹೇಳಿದೆ. ಅವಳು ಫೋನಿನಲ್ಲಿ ಓದಿ ಹೇಳುವುದು, ನಾನು ಗಿರಣಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುವುದು. ಬಿ.ಎಸ್‌ಸಿ.ಯಲ್ಲಿ ಕೆಮಿಸ್ಟ್ರಿ ಓದಿದ್ದು ಮದುವೆ ಆದ ಮೇಲೆ ಮೊದಲ ಸಲ ಉಪಯೋಗಕ್ಕೆ ಬಂತು. ಆ ಹಾಳೆಯಲ್ಲಿ ಇರುವುದನ್ನೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ನಿಮ್ಮ ಸುದ್ದಿ ಪೂರ್ತಿ ಸುಳ್ಳಲ್ಲ. ಅದೇ ತೊಂದರೆ. ಪೂರ್ತಿ ಸುಳ್ಳಾಗಿದ್ದರೆ ಯಾರಾದರೂ ನಕ್ಕು ಬಿಡುತ್ತಿದ್ದರು.

ಮೆಣಸಿನಕಾಯಿ ನಾಲಿಗೆಯನ್ನು ನಿಜವಾಗಿ ಸುಡುವುದಿಲ್ಲ. ಸುಟ್ಟಿತು ಅಂತ ನರಕ್ಕೆ ಸುಳ್ಳು ಹೇಳುತ್ತದೆ. ನಮ್ಮ ನರದ ತುದಿಯಲ್ಲಿ ಟಿಆರ್‌ಪಿವಿ1 ಅಂತ ಒಂದು ಬಾಗಿಲು ಇದೆ. ಬಿಸಿ ಸುಮಾರು 43 ಡಿಗ್ರಿ ದಾಟಿದರೆ ಅದು ತೆರೆದು ಮಿದುಳಿಗೆ ಸುದ್ದಿ ಕಳಿಸುತ್ತದೆ. 43 ಅಂದರೆ ನಮ್ಮ ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ, ಬೇರೆ ವಿವರಣೆ ಬೇಡ. ಕ್ಯಾಪ್ಸೈಸಿನ್ ಕೂಡ ಅದೇ ಬಾಗಿಲನ್ನು ತೆರೆಯುತ್ತದೆ. 1997ರಲ್ಲಿ ಇದನ್ನು ಕಂಡುಹಿಡಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಈ ಬಾಗಿಲನ್ನು ಮತ್ತೆ ಮತ್ತೆ ತಟ್ಟಿದರೆ ನರ ದಣಿದು ಸುದ್ದಿ ಕಳಿಸುವುದನ್ನೇ ಕಡಿಮೆ ಮಾಡುತ್ತದೆ. ಹೊಸದಾಗಿ ಗಿರಣಿಗೆ ಬಂದ ಹುಡುಗಿ ಮೊದಲ ವಾರ ಕೈ ಉರಿ ಅಂತ ಅಳುತ್ತಾಳೆ. ನಾನು ಬರಿಗೈಯಲ್ಲಿ ಒರಳಿನಿಂದ ಖಾರ ಬಾಚುತ್ತೇನೆ, ಏನೂ ಅನ್ನಿಸುವುದಿಲ್ಲ. ಇಷ್ಟು ದಿನ ಅದು ನನ್ನ ಶೂರತನ ಅಂದುಕೊಂಡಿದ್ದೆ.

ಇದೇ ಗುಣದಿಂದ ಕ್ಯಾಪ್ಸೈಸಿನ್ ಮುಲಾಮು ಮಾಡಿದ್ದಾರೆ. ಶೇ 0.025, ಶೇ 0.075 ಹೀಗೆ ಅಳೆದು ಹಾಕಿರುತ್ತಾರೆ. ನೋವಿಗೆ ಹಚ್ಚುವುದು. ಇದನ್ನು ಎಲ್ಲೋ ಕೇಳಿದ ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು, ಮೈದುನನ ಕಾಲಿಗೆ ಗಿರಣಿ ಖಾರವನ್ನೇ ಎಣ್ಣೆಯಲ್ಲಿ ಕಲಸಿ ಹಚ್ಚಿ ಅಂತ ಆಸ್ಪತ್ರೆಗೇ ಬಂದು ಸಲಹೆ ಕೊಟ್ಟರು. ಕಾಯಿಲೆಯವನನ್ನು ನೋಡಲು ಬಂದವರಿಗೆ ಎದುರು ಮಾತಾಡಬಾರದು ಅಂತಾರೆ. ನಾನು ಆಡಿದೆ.

ಈಗ ರಕ್ತನಾಳ. ನಾನೂ ಎಲ್ಲರ ಹಾಗೆ ನಲ್ಲಿ ಪೈಪಿನಲ್ಲಿ ಪಾಚಿ ಕಟ್ಟಿದಂತೆ ಕೊಬ್ಬು ಕಟ್ಟುತ್ತದೆ ಅಂದುಕೊಂಡಿದ್ದೆ. ಮಗಳು ಹೇಳಿದ್ದು ಬೇರೆ. ಕೊಬ್ಬು ಕೂರುವುದು ಪೈಪಿನ ಒಳಗಲ್ಲ, ಗೋಡೆಯಲ್ಲಿ. ಕೆಟ್ಟ ಕೊಲೆಸ್ಟ್ರಾಲ್ ಗೋಡೆಯೊಳಗೆ ನುಸುಳಿದಾಗ ಅದನ್ನು ತಿನ್ನಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ತಿಂದು ಅಲ್ಲೇ ಉಬ್ಬಿ ಕೂರುತ್ತವೆ. ಗೋಡೆಯೊಳಗೆ ಒಂದು ಕುರು ಎದ್ದ ಹಾಗೆ. ಈ ಗದ್ದಲಕ್ಕೇ ಉರಿಯೂತ ಅನ್ನುವುದು. ಕುರುವಿನ ಮೇಲಿನ ಚರ್ಮ ತೆಳುವಾಗಿ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಎದೆಯಲ್ಲಿ ಆದರೆ ಹೃದಯಾಘಾತ, ತಲೆಯಲ್ಲಿ ಆದರೆ ಲಕ್ವ.

ಉರಿಯುವ ಖಾರ ಉರಿಯೂತ ಇಳಿಸುತ್ತದೆ ಅಂದರೆ ನಗು ಬರುತ್ತದೆ, ಅಲ್ವಾ? ಆದರೆ ಪ್ರಯೋಗಶಾಲೆಯಲ್ಲಿ ಅಂಥದ್ದೇ ಕಂಡಿದೆ. ಆ ಬಾಗಿಲು ನಾಲಿಗೆಯಲ್ಲಿ ಮಾತ್ರ ಅಲ್ಲ, ರಕ್ತನಾಳದ ಒಳಪದರದಲ್ಲೂ ಇದೆ. ಅದು ತೆರೆದರೆ ನೈಟ್ರಿಕ್ ಆಕ್ಸೈಡ್ ಹುಟ್ಟುತ್ತದೆ, ನಾಳ ಸಡಿಲವಾಗುತ್ತದೆ. ಚೀನಾದ ವಿಜ್ಞಾನಿಗಳು 2010ರಲ್ಲಿ ಬಿಪಿ ಜಾಸ್ತಿ ಇರುವ ಇಲಿಗಳಿಗೆ ದೀರ್ಘಕಾಲ ಕ್ಯಾಪ್ಸೈಸಿನ್ ತಿನ್ನಿಸಿ, ಬಿಪಿ ಇಳಿದದ್ದನ್ನು ತೋರಿಸಿದರು. ಮಾರನೇ ವರ್ಷ ರಕ್ತನಾಳದಲ್ಲಿ ಬೇಗ ಕೊಬ್ಬು ಕಟ್ಟುವ ಜಾತಿಯ ಸುಂಡಿಲಿಗಳಲ್ಲಿ ಆ ಕೊಬ್ಬು ಕಡಿಮೆ ಆದದ್ದನ್ನು ತೋರಿಸಿದರು. ಒಳ್ಳೆಯದೇ. ಆದರೆ ಅವು ಇಲಿಗಳು. ಅವು ಬೀಡಿ ಸೇದುವುದಿಲ್ಲ, ಮಿರ್ಚಿ ಭಜಿ ತಿನ್ನುವುದಿಲ್ಲ, ಗುಳಿಗೆ ಬಿಡುವುದಿಲ್ಲ. ನಿಮ್ಮ ಒಂಬತ್ತು ಸಾಲಿನಲ್ಲಿ ಇಲಿ ಅನ್ನುವ ಎರಡಕ್ಷರ ಇರಲಿಲ್ಲ.

ಮನುಷ್ಯರ ಲೆಕ್ಕವೂ ಇದೆ. 2015ರಲ್ಲಿ ಬಂದ ಚೀನಾದ ಅಧ್ಯಯನದಲ್ಲಿ ಸುಮಾರು 4.87 ಲಕ್ಷ ಜನ. ವಾರದಲ್ಲಿ ಆರೇಳು ದಿನ ಖಾರ ತಿನ್ನುವವರಲ್ಲಿ, ಅಪರೂಪಕ್ಕೆ ತಿನ್ನುವವರಿಗಿಂತ ಸಾವಿನ ಪ್ರಮಾಣ ಶೇ 14 ಕಡಿಮೆ. 2019ರಲ್ಲಿ ಇಟಲಿಯ ಮೊಲೀಸೆ ಪ್ರಾಂತ್ಯದ ಅಧ್ಯಯನ ಬಂತು. 22,811 ಜನ, ಎಂಟು ವರ್ಷ. ವಾರಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಮೆಣಸಿನಕಾಯಿ ತಿನ್ನುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾವು ಶೇ 34 ಕಡಿಮೆ. ಇದನ್ನು ಕೇಳಿ ಬೆಂಚಿನ ಮೇಲೆ ಕೂತಿದ್ದ ನನಗೇ ಒಂದು ಕ್ಷಣ ಆಸೆ ಆಯಿತು. ಮುಂದಿನ ಸಾಲು ಓದಮ್ಮ ಅಂದೆ.

ಮುಂದಿನ ಸಾಲಿನಲ್ಲೇ ಇತ್ತು ವಿಷಯ. ಆ ಇಟಲಿಯವರು ರಕ್ತ ಪರೀಕ್ಷೆಯ ಅಂಶಗಳನ್ನೂ ನೋಡಿದ್ದಾರೆ. ಖಾರಕ್ಕೂ ಕಡಿಮೆ ಸಾವಿಗೂ ಇರುವ ನಂಟನ್ನು ಆ ಅಂಶಗಳು ತೀರಾ ಸ್ವಲ್ಪ ಮಾತ್ರ ವಿವರಿಸುತ್ತವೆ ಅಂತ ಅವರೇ ಬರೆದಿದ್ದಾರೆ. ಅಂದರೆ ಖಾರ ತಿಂದವರು ಜಾಸ್ತಿ ಬದುಕಿದ್ದು ನಿಜ. ಯಾಕೆ ಬದುಕಿದರು ಅನ್ನುವುದು ಆ ಪರೀಕ್ಷೆಗಳಲ್ಲಿ ಸಿಗಲಿಲ್ಲ. ನೀವು ತಲೆಬರಹದ ಕೆಳಗೇ ಕಾರಣ ಬರೆದುಬಿಟ್ಟಿರಿ.

ಅಮೆರಿಕದ್ದು ಇನ್ನೂ ಚೆನ್ನಾಗಿದೆ. 2017ರಲ್ಲಿ ಬಂದದ್ದು, 16,179 ಜನ. ಹಸಿ ಲೆಕ್ಕದಲ್ಲಿ, ಅಂದರೆ ಏನೂ ಸರಿದೂಗಿಸದೆ, ಖಾರ ತಿನ್ನುವವರಲ್ಲಿ ಶೇ 21.6 ಜನ ತೀರಿಕೊಂಡರು, ತಿನ್ನದವರಲ್ಲಿ ಶೇ 33.6. ಎಷ್ಟು ದೊಡ್ಡ ಅಂತರ! ಆದರೆ ಖಾರ ತಿನ್ನುವವರು ಮೊದಲೇ ವಯಸ್ಸಿನಲ್ಲಿ ಚಿಕ್ಕವರಾಗಿದ್ದರು. ವಯಸ್ಸು, ಸಿಗರೇಟು, ಊಟ, ಕಾಯಿಲೆ ಎಲ್ಲ ಸರಿದೂಗಿಸಿ ಲೆಕ್ಕ ಹಾಕಿದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಂಡಿದ್ದ ಲಾಭ ಶೇ 13ಕ್ಕೆ ಇಳಿಯಿತು. ನಮ್ಮ ಗಿರಣಿಯಲ್ಲೂ ಹೀಗೇ. ಒದ್ದೆ ಕಾಯಿ ತಂದವರು ಕುಟ್ಟಿದ ಮೇಲೆ ತೂಕ ಯಾಕೆ ಇಳಿಯಿತು ಅಂತ ಜಗಳಕ್ಕೆ ಬರುತ್ತಾರೆ. ಒಣಗಿಸಿ ತೂಗಬೇಕಿತ್ತು.

ಗಟ್ಟಿಮುಟ್ಟಾಗಿರುವವರೇ ಖಾರ ತಿನ್ನುತ್ತಾರೋ, ಖಾರ ತಿಂದು ಗಟ್ಟಿಮುಟ್ಟಾದರೋ? ನೋಡುತ್ತಾ ಕೂರುವ ಅಧ್ಯಯನದಿಂದ ಅದು ತಿಳಿಯುವುದಿಲ್ಲ. ಹೊಟ್ಟೆ ಕೆಟ್ಟವರು, ಕಾಯಿಲೆ ಬಿದ್ದವರು ಮೊದಲು ಬಿಡುವುದೇ ಖಾರ. ನಮ್ಮ ಅತ್ತೆ ಕೊನೆಯ ಒಂದು ವರ್ಷ ಬರೀ ಮೊಸರನ್ನ ತಿಂದರು. ಇಡೀ ಜನ್ಮ ಖಾರದ ಧೂಳಿನಲ್ಲಿ ಕಳೆದವರು. ಯಾರಾದರೂ ಆ ವರ್ಷ ಬಂದು ಲೆಕ್ಕ ಬರೆದುಕೊಂಡಿದ್ದರೆ, ಖಾರ ತಿನ್ನದೆ ಸತ್ತವರ ಪಟ್ಟಿಗೆ ಅತ್ತೆ ಸೇರುತ್ತಿದ್ದರು.

ಸಾವಿರಾರು ರೋಗಿಗಳಲ್ಲಿ ಅರ್ಧ ಜನಕ್ಕೆ ಕ್ಯಾಪ್ಸೈಸಿನ್, ಅರ್ಧ ಜನಕ್ಕೆ ಖಾಲಿ ಗುಳಿಗೆ ಕೊಟ್ಟು, ವರ್ಷಗಟ್ಟಲೆ ಕಾದು, ಹೃದಯಾಘಾತ ಕಡಿಮೆ ಆಯಿತೇ ಅಂತ ನೋಡಿದ ಪರೀಕ್ಷೆ ಆಗಿಲ್ಲ. ಬೇರೆ ಔಷಧಗಳಿಗೆ ಅಂಥ ಪರೀಕ್ಷೆ ಆಗಿದೆ. ಅಲ್ಲೂ ಉತ್ತರ ಅಷ್ಟು ಸಲೀಸಾಗಿ ಸಿಕ್ಕಿಲ್ಲ. ಕೊಲ್ಚಿಸಿನ್ ಅಂತ ಒಂದಿದೆ, ಕೀಲುನೋವಿಗೆ ಕೊಡುವ ಹಳೇ ಉರಿಯೂತದ ಔಷಧ. 2020ರಲ್ಲಿ 5,522 ಹೃದ್ರೋಗಿಗಳ ಮೇಲೆ ಪರೀಕ್ಷಿಸಿದಾಗ ಹೃದಯಾಘಾತ, ಲಕ್ವದಂಥ ಅನಾಹುತ ಶೇ 31 ಕಡಿಮೆ ಆಯಿತು. 2024ರಲ್ಲಿ, ಆಗಷ್ಟೇ ಹೃದಯಾಘಾತ ಆದ ಸುಮಾರು ಏಳು ಸಾವಿರ ಜನರಿಗೆ ಕೊಟ್ಟು ನೋಡಿದರೆ ಲಾಭವೇ ಕಾಣಲಿಲ್ಲ. ಮಿಲಿಗ್ರಾಂ ಲೆಕ್ಕದಲ್ಲಿ ಅಳೆದ ಗುಳಿಗೆಯ ಕಥೆಯೇ ಹೀಗಿದ್ದರೆ, ಚಮಚದಲ್ಲಿ ಅಳೆಯುವ ನಮ್ಮ ಖಾರದ ಬಗ್ಗೆ ಏನು ಹೇಳುವುದು?

ನನ್ನ ಹೊಟ್ಟೆ ಉರಿದದ್ದು ಇನ್ನೊಂದು ವಿಷಯಕ್ಕೆ. ಮಗಳು 2008ರ ಒಂದು ಪರೀಕ್ಷೆ ಓದಿದಳು. ಜುಪಿಟರ್ ಅಂತ ಹೆಸರು, 17,802 ಜನ. ಇವರ ಕೊಲೆಸ್ಟ್ರಾಲ್ ಅಷ್ಟೇನೂ ಜಾಸ್ತಿ ಇರಲಿಲ್ಲ. ಆದರೆ ರಕ್ತದಲ್ಲಿ ಸಿಆರ್‌ಪಿ, ಅಂದರೆ ಉರಿಯೂತದ ಗುರುತು, ಜಾಸ್ತಿ ಇತ್ತು. ಅರ್ಧ ಜನಕ್ಕೆ ರೊಸುವಾಸ್ಟಾಟಿನ್ ಕೊಟ್ಟರು. ಕೊಲೆಸ್ಟ್ರಾಲೂ ಇಳಿಯಿತು, ಸಿಆರ್‌ಪಿ ಕೂಡ ಶೇ 37 ಇಳಿಯಿತು. ಹೃದಯಾಘಾತ, ಲಕ್ವದಂಥ ದೊಡ್ಡ ಅನಾಹುತಗಳು ಶೇ 44 ಕಡಿಮೆ. ನಮ್ಮ ಮೈದುನ ನಾಲ್ಕು ತಿಂಗಳು ಡಬ್ಬಿಯಲ್ಲೇ ಬಿಟ್ಟಿದ್ದ ಅಟೊರ್ವಾಸ್ಟಾಟಿನ್ ಇದರ ಅಣ್ಣತಮ್ಮ. ಅದೂ ಸಿಆರ್‌ಪಿ ಇಳಿಸುತ್ತದೆ. ಉರಿಯೂತ ಇಳಿಸುವ ಔಷಧ ಮನೆಯಲ್ಲಿ, ಕಪಾಟಿನಲ್ಲಿ, ಸರ್ಕಾರಿ ಚೀಟಿಯ ಜೊತೆ ಇತ್ತು. ಅದನ್ನು ಬಿಟ್ಟು ಅವನು ಉರಿಯೂತ ಇಳಿಸಲು ಊಟಕ್ಕೆ ಎರಡು ಹಸಿಮೆಣಸಿನಕಾಯಿ ಕಡಿಯುತ್ತಿದ್ದ. ಅವನ ಎದೆ ಉರಿಗೆ ಗುಳಿಗೆ ಎಷ್ಟು ಕಾರಣ, ಆ ಮೆಣಸಿನಕಾಯಿ ಎಷ್ಟು ಕಾರಣ, ಈಗ ಯಾರು ಹೇಳಬೇಕು. ಎದೆ ಉರಿ ಅಂತ ಡಾಕ್ಟರಿಗೆ ಒಂದು ಮಾತು ಹೇಳಿದ್ದರೆ ಅದಕ್ಕೂ ಒಂದು ದಾರಿ ಸಿಗುತ್ತಿತ್ತು.

ಇನ್ನು, ಮೆಣಸಿನಕಾಯಿ ತಿನ್ನಿ ಅಂತ ಬರೆದಿರಿ. ಯಾವ ಕಾಯಿ ಸ್ವಾಮಿ? ಇದು ನನ್ನ ಕ್ಷೇತ್ರ, ಸ್ವಲ್ಪ ಹೇಳಿಬಿಡುತ್ತೇನೆ. ಬ್ಯಾಡಗಿ ಕಾಯಿ ಸುಕ್ಕುಸುಕ್ಕು, ಬಣ್ಣ ಕಡುಗೆಂಪು, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಜಿಐ, ಅಂದರೆ ಆ ಊರಿನದೇ ಬೆಳೆ ಅನ್ನುವ ಮಾನ್ಯತೆ ಸಿಕ್ಕಿದೆ. ಗುಂಟೂರು ಕಾಯಿ ನುಣುಪು, ಖಾರ ಜಾಸ್ತಿ. ನಮ್ಮ ಕಡೆಯವರು ಎರಡನ್ನೂ ಬೆರೆಸಿ ಕುಟ್ಟಿಸುತ್ತಾರೆ, ಒಬ್ಬರ ಅಳತೆ ಒಬ್ಬರಿಗೆ ಸೇರುವುದಿಲ್ಲ. ಶಹಾಪುರ, ಸುರಪುರದ ಕಾಲುವೆ ನೀರಿನ ಕಾಯಿಯೂ ಬರುತ್ತದೆ. ಕೆಂಪು ಜಾಸ್ತಿ ಇದ್ದರೆ ಖಾರ ಜಾಸ್ತಿ ಅಂತ ಗಿರಾಕಿಗಳು ತಿಳಿದಿರುತ್ತಾರೆ. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್, ಖಾರ ಕೊಡುವುದು ಕ್ಯಾಪ್ಸೈಸಿನ್, ಎರಡೂ ಬೇರೆ ಬೇರೆ. ಬೀಜ ತೆಗೆದರೆ ಖಾರ ಹೋಗುತ್ತದೆ ಅಂತಲೂ ಅಂದುಕೊಂಡಿದ್ದಾರೆ. ಖಾರ ಹುಟ್ಟುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ತಿರುಳಿನಲ್ಲಿ. ಹೀಗಿರುವಾಗ ನಮ್ಮ ಮೈದುನ ತಿಂದ ಖಾರದಲ್ಲಿ ಔಷಧ ಎಷ್ಟಿತ್ತು ಅಂತ ನನ್ನ ತಕ್ಕಡಿ ಹೇಳುವುದಿಲ್ಲ.

ಖಾರವೊಂದೇ ಹೊಟ್ಟೆಗೆ ಹೋಗುವುದೂ ಇಲ್ಲ. ಮಸಾಲೆ ಖಾರ ಕೆಡಬಾರದು ಅಂತ ಕುಟ್ಟುವಾಗ ಉಪ್ಪು ಸುರಿಯುತ್ತಾರೆ. ನನ್ನ ಕಣ್ಣೆದುರೇ ಸುರಿಯುತ್ತಾರೆ, ಬೊಗಸೆ ಬೊಗಸೆ. ಉಪ್ಪಿನಕಾಯಿಗೆ ಇನ್ನೂ ಜಾಸ್ತಿ. ಸಂಜೆ ಮಿರ್ಚಿ ಭಜಿ, ಬೆಳಿಗ್ಗೆಯಿಂದ ಕಾಯುತ್ತಲೇ ಇರುವ ಕರಿ ಎಣ್ಣೆಯಲ್ಲಿ. ಮಂಡಾಳ ಒಗ್ಗರಣೆಯ ಪಕ್ಕದಲ್ಲಿ ಉಪ್ಪಲ್ಲಿ ಹೊರಳಿಸಿದ ಹುರಿದ ಮೆಣಸಿನಕಾಯಿ. ದಿನಕ್ಕೆ 5 ಗ್ರಾಂ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಟೀ ಚಮಚಕ್ಕೂ ಕಡಿಮೆ. ನಮ್ಮ ಕಡೆ ಊಟದ ತಟ್ಟೆಯಲ್ಲಿ ಒಂದು ಮೂಲೆಗೆ ಹಿಂಡಿ (ಚಟ್ನಿಪುಡಿ), ಒಂದು ಮೂಲೆಗೆ ಉಪ್ಪಿನಕಾಯಿ ಇಟ್ಟರೆ ಅಲ್ಲೇ ಅರ್ಧ ಮುಗಿಯಿತು ಅಂತ ನನ್ನ ಅಂದಾಜು.

ಇಲ್ಲಿ ಒಂದು ಒಳ್ಳೆಯ ಸುದ್ದಿ ಇತ್ತು, ನೀವು ಅದನ್ನು ಬರೆಯಬಹುದಿತ್ತು. 2017ರಲ್ಲಿ ಚೀನಾದವರು 606 ಜನರನ್ನು ನೋಡಿ ಹೇಳಿದ್ದು: ಖಾರ ಇಷ್ಟಪಡುವವರು ಉಪ್ಪು ಕಡಿಮೆ ತಿನ್ನುತ್ತಾರೆ, ಅವರ ಮೇಲಿನ ಬಿಪಿ ಸುಮಾರು 8 ಪಾಯಿಂಟ್ ಕಡಿಮೆ ಇರುತ್ತದೆ. ನಾಲಿಗೆಗೆ ಖಾರ ಸಿಕ್ಕರೆ ಉಪ್ಪಿನ ಆಸೆ ತಗ್ಗುತ್ತದಂತೆ. ಇದೂ ನೋಡಿದ ಲೆಕ್ಕವೇ, ಪಕ್ಕಾ ಅಂತ ನಾನು ಹೇಳುವುದಿಲ್ಲ. ಆದರೆ ಮನೆಯಲ್ಲಿ ಮಾಡಿ ನೋಡಲು ಖರ್ಚಿಲ್ಲ, ಅಪಾಯವೂ ಇಲ್ಲ. ನಾನು ಮಾಡಿದ್ದೇನೆ. ಶೇಂಗಾ ಹಿಂಡಿಗೆ ಉಪ್ಪು ಅರ್ಧ ಮಾಡಿ, ಬಳ್ಳೊಳ್ಳಿ ಎರಡು ಎಸಳು, ಖಾರ ಅರ್ಧ ಚಮಚ ಜಾಸ್ತಿ ಹಾಕಿದೆ. ಮೊದಲ ದಿನ ಯಜಮಾನರು ರೊಟ್ಟಿ ಮುರಿದು ಅದ್ದಿ, ನನ್ನ ಮುಖ ನೋಡಿದರು. ಒಂದು ವಾರದ ಮೇಲೆ ನೋಡುವುದನ್ನು ಬಿಟ್ಟರು. ಪುಂಡಿಪಲ್ಯಕ್ಕೆ ಮಾತ್ರ ಈ ಉಪಾಯ ನಡೆಯಲಿಲ್ಲ. ಹುಳಿಗೆ ಉಪ್ಪು ಬೇಕೇ ಬೇಕು.

ಹಾಗಂತ ಖಾರ ಎಷ್ಟಾದರೂ ಸರಿ ಅಂತಲ್ಲ. ರಕ್ತನಾಳ ಸಡಿಲ ಮಾಡುತ್ತದೆ ಅನ್ನುವ ಇದೇ ಮೆಣಸಿನಕಾಯಿ ಉಲ್ಟಾ ಕೆಲಸವನ್ನೂ ಮಾಡಿದ್ದಿದೆ. ಅಮೆರಿಕದಲ್ಲಿ 34 ವರ್ಷದ ಒಬ್ಬ ಮನುಷ್ಯ ಪಂದ್ಯದಲ್ಲಿ ಕ್ಯಾರೊಲಿನಾ ರೀಪರ್ ಅನ್ನುವ ಉಗ್ರ ಮೆಣಸಿನಕಾಯಿ ತಿಂದ. ಗುಡುಗು ಬಡಿದ ಹಾಗೆ ತಲೆನೋವು ಬಂತು. ನೋಡಿದರೆ ಮಿದುಳಿನ ರಕ್ತನಾಳಗಳೇ ಬಿಗಿದುಕೊಂಡಿದ್ದವು. ಕೆಲವು ವಾರಗಳಲ್ಲಿ ಸರಿಹೋಯಿತು. 2018ರಲ್ಲಿ ವೈದ್ಯರು ಅದನ್ನು ಬರೆದು ಪ್ರಕಟಿಸಿದ್ದಾರೆ. ಇದನ್ನು ನಮ್ಮ ಗಿರಣಿ ಹುಡುಗರಿಗೆ ಹೇಳಿದೆ, ಅವರೂ ಆಗಾಗ ಹಸಿಮೆಣಸಿನಕಾಯಿ ಪಂದ್ಯ ಕಟ್ಟುತ್ತಾರೆ. ನಕ್ಕರು. ಪಂದ್ಯ ಈಗ ಗಿರಣಿ ಹೊರಗೆ ನಡೆಯುತ್ತದೆ.

ಸಂಪಾದಕರೇ, ನಿಮ್ಮ ಮೇಲೆ ಪೂರ್ತಿ ತಪ್ಪು ಹೊರಿಸುವುದಿಲ್ಲ. ನೀವು ಛಾಪಿಸಿದಿರಿ, ನಾನು ಮೊಳೆ ಹೊಡೆದೆ, ಅವನು ನಂಬಿದ. ಅದರಲ್ಲಿ ನನ್ನ ಪಾಲು ನಿಮ್ಮದಕ್ಕಿಂತ ದೊಡ್ಡದು, ಯಾಕೆಂದರೆ ನನಗೆ ಅದರಿಂದ ದುಡ್ಡು ಬಂತು. ಆದರೆ ನಮ್ಮ ಕಡೆ ಅಚ್ಚಾದ ಅಕ್ಷರಕ್ಕೆ ಇನ್ನೂ ಬೆಲೆ ಇದೆ. ಫೋನಿನಲ್ಲಿ ಬಂದ ಮೆಸೇಜನ್ನು ಮೈದುನ ನಂಬುವುದಿಲ್ಲ, ಲೆಕ್ಕ ಬರೆಯುವವನು ಅವನು. ಪೇಪರಿನಲ್ಲಿ ಬಂದದ್ದು ಅಂತ ನಂಬಿದ.

ಮುಂದೆ ಇಂಥ ಸುದ್ದಿ ಹಾಕುವಾಗ ಚಿತ್ರ ಸ್ವಲ್ಪ ಸಣ್ಣದು ಮಾಡಿ. ಆ ಜಾಗದಲ್ಲಿ ನಾಲ್ಕು ಸಾಲು ಜಾಸ್ತಿ ಬರೆಸಿ. ಇಲಿಯ ಮೇಲೆ ನೋಡಿದ್ದೋ, ಮನುಷ್ಯರ ಮೇಲೋ? ಕೊಟ್ಟು ನೋಡಿದ್ದೋ, ಸುಮ್ನೆ ಕೇಳಿ ಬರೆದುಕೊಂಡದ್ದೋ? ಎಷ್ಟು ಜನ? ಮತ್ತೆ ಕಪ್ಪು ಅಕ್ಷರದಲ್ಲಿ, ತಗೋತಿರುವ ಗುಳಿಗೆ ಬಿಡಬೇಡಿ ಅಂತ. ಇದಕ್ಕೆ ವಿಜ್ಞಾನಿ ಬೇಕಿಲ್ಲ. ಗಿರಣಿಯವಳು ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದನ್ನು ನಿಮ್ಮ ವರದಿಗಾರರು ಒಂದು ಮಧ್ಯಾಹ್ನದಲ್ಲಿ ಹುಡುಕಬಹುದು. ಕಾಲು ಹಿಡಿಯುವ ಈ ಕಾಯಿಲೆ ಬಗ್ಗೆಯೂ ಒಂದು ದಿನ ಬರೆಸಿ. ಬೀಡಿ ಸೇದುವವರು, ಶುಗರ್ ಇದ್ದವರು ನಮ್ಮ ಗಂಜ್‌ನಲ್ಲೇ ಎಷ್ಟು ಜನ ಇದ್ದಾರೆ. ಅವರಲ್ಲಿ ಎಷ್ಟೋ ಜನ ಅಂಗಡಿ ಮುಂದೆ ನಿಂತು ಸಾಮಾನು ನೋಡುವ ನಾಟಕ ಮಾಡುತ್ತಿರಬಹುದು.

ಮೈದುನ ಈಗ ಗುಳಿಗೆ ನುಂಗುತ್ತಾನೆ. ಎದೆ ಉರಿಗೆ ಡಾಕ್ಟರು ಬೇರೆ ಒಂದು ಗುಳಿಗೆ ಸೇರಿಸಿದ್ದಾರೆ. ಬೀಡಿ ಬಿಟ್ಟು ಐದು ತಿಂಗಳಾಯಿತು ಅನ್ನುತ್ತಾನೆ. ಅಂಗಿ ಜೇಬು ಮೂಸಿ ನೋಡುವ ಅಧಿಕಾರ ನನಗಿಲ್ಲ, ಅವನ ಹೆಂಡತಿಗಿದೆ, ಅವಳೂ ಹೌದು ಅನ್ನುತ್ತಾಳೆ. ಕೆರೆ ದಂಡೆ ಮೇಲೆ ನಿಲ್ಲದೆ ಆರುನೂರು ಹೆಜ್ಜೆ ನಡೆಯುತ್ತಾನೆ. ಬೆರಳಿಲ್ಲದ ಕಾಲಿಗೆ ಚಪ್ಪಲಿ ಹೊಂದುವುದಿಲ್ಲ ಅಂತ ಶೂ ಹಾಕಿಕೊಂಡು ಗಂಜ್‌ಗೆ ಹೋಗುತ್ತಾನೆ, ಸಾಹೇಬ ಅಂತ ಅಲ್ಲಿ ಹಮಾಲರು ಚೇಷ್ಟೆ ಮಾಡುತ್ತಾರಂತೆ.

ಕಟಿಂಗ್ ಅವನು ಆಸ್ಪತ್ರೆಯಲ್ಲಿದ್ದಾಗಲೇ ತೆಗೆದೆ. ಗಿರಣಿಯ ಗೋಡೆ ಪೂರ್ತಿ ಕೆಂಪಾಗಿದೆ, ಆ ಒಂದು ಅಂಗೈ ಅಗಲ ಮಾತ್ರ ಬೆಳ್ಳಗೆ ಉಳಿದಿದೆ. ಮೊನ್ನೆ ಚಹಾ ಕುಡಿಯುತ್ತಾ ಅದನ್ನೇ ನೋಡುತ್ತಿದ್ದ. "ಅಲ್ಲಿ ಏನರ ಹಾಕ್ರಿ ವೈನಿ, ಬೋಳ್ ಕಾಣ್ತದ" ಅಂದ. ದೇವರ ಕ್ಯಾಲೆಂಡರ್ ಹಾಕೋಣ ಅಂತ ನಾನು. ಬೇಡ, ಗುಳಿಗೆ ಟೈಮ್ ಬರೆದು ಹಾಕ್ರಿ ಅಂತ ಅವನು. ಇನ್ನೂ ಏನೂ ಹಾಕಿಲ್ಲ. ಈ ಪತ್ರ ಛಾಪಿಸಿದರೆ ನೋಡೋಣ.

ಹೆಸರು ಹಾಕಬೇಡಿ. ಮೈದುನ ನಿಮ್ಮ ಪತ್ರಿಕೆ ಈಗಲೂ ಓದುತ್ತಾನೆ.

ಇತಿ,
ಖಾರದ ಗಿರಣಿಯವಳು
ಶಹಾಬಜಾರ್, ಕಲಬುರಗಿ